ಹಿಂದಕ್ಕೆ ವಾಲುವ ಮೋಟರು

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮೋಟರ್ ರಿಪೇರಿ ನನ್ನ ಕಸುಬು. ತೊಂಬತ್ತರ ದಶಕದ ಕೊನೆಯಲ್ಲಿ ನೇಕಾರ ನಂಜುಂಡಪ್ಪನವರು ಹೇಳಿಕಳಿಸಿದರು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ಅವರಿಗೆ ಯಾರೋ ಪುಣ್ಯಾತ್ಮರು ಬ್ಯಾಟರಿಯಲ್ಲಿ ಓಡುವ ವಿದೇಶಿ ಗಾಲಿಕುರ್ಚಿ ಕೊಡಿಸಿದ್ದರು. ಕರೆಂಟ್ ಕೈಕೊಡುವ ನಮ್ಮೂರಲ್ಲಿ ಬ್ಯಾಟರಿ ಸಂಜೆವರೆಗೆ ಬರುತ್ತಿರಲಿಲ್ಲ.

ಬಿಚ್ಚಿ ನೋಡಿದರೆ ಗಾಲಿಗಳಿಗೆ ಎರಡು ಮೋಟರು, ಸೀಟನ್ನು ಹಿಂದಕ್ಕೆ ವಾಲಿಸೋದಕ್ಕೇ ಇನ್ನೊಂದು.

"ಇದೇನು, ನಿದ್ದೆ ಮಾಡೋಕಾ?" ಅಂದೆ.

"ಗಂಟೆಗೆ ಎರಡು ಸಲ ವಾಲಬೇಕು ಕಣಪ್ಪಾ," ಅಂದರು, ಕೂತವರ ಕಣ್ಣಿಗೆ ನೇರ ಸಿಗುತ್ತಿದ್ದ, ನಿಂತಿದ್ದ ನನ್ನ ಅಂಗಿ ಜೇಬನ್ನೇ ನೋಡುತ್ತ. ಪಕ್ಕದಲ್ಲಿ ಸೊಸೆ ನೂಲು ಸುತ್ತುತ್ತಿದ್ದಳು. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಟ್ಟೆ ನೇಯದ ಮೋಟರಿಗೆ ಕರೆಂಟು ದಂಡ ಅನ್ನೋದು ನಮ್ಮ ಕಸುಬಿನ ಬುದ್ಧಿ. ಆ ವಾಲಿಸೋ ಮೋಟರಿನ ವೈರು ಕತ್ತರಿಸಿ, ತುದಿಗೆ ಟೇಪು ಸುತ್ತಿದೆ. ಬ್ಯಾಟರಿ ಸಂಜೆವರೆಗೂ ಬಂತು. ನನಗೆ ಹೆಮ್ಮೆಯೋ ಹೆಮ್ಮೆ.

ತಿಂಗಳಾದ ಮೇಲೆ ಸೊಸೆಯೇ ಅಂಗಡಿಗೆ ಬಂದಳು. "ಮಾವನಿಗೆ ಕೂತ ಜಾಗದಲ್ಲಿ ಹುಣ್ಣಾಗಿದೆ ಅಣ್ಣ. ವಾಲಿದ್ರೆ ಭಾರ ಬೆನ್ನಿಗೆ ಹೋಗಿ ಅಲ್ಲಿಗೆ ಬಿಡುವು ಸಿಗುತ್ತಂತೆ, ಡಾಕ್ಟರ್ ಹೇಳಿದ್ರು. ಅವತ್ತು ನನ್ನೆದುರು ಅದನ್ನ ಹೇಳೋಕೆ ಮಾವ ನಾಚ್ಕೊಂಡಿದ್ರು."

ಅವತ್ತೇ ಹೋಗಿ ವೈರು ಜೋಡಿಸಿದೆ. ಹುಣ್ಣು ಮಾಯ್ದು ಅವರು ಕುರ್ಚಿಗೆ ಮರಳೋಕೆ ಮೂರು ತಿಂಗಳು ಹಿಡಿಯಿತು. ಆ ದಿನ ನಾನೂ ಹೋಗಿ ಎದುರು ನಿಂತೆ. ಅವರು ಸ್ವಿಚ್ ಒತ್ತಿದರು. ಸೀಟು ಮೆಲ್ಲಗೆ ಹಿಂದಕ್ಕೆ ವಾಲಿ, ಕತ್ತು ಎತ್ತದೆಯೇ ನನ್ನ ಮುಖ ಕಾಣುವಷ್ಟಕ್ಕೆ ನಿಂತಿತು.

"ಈಗ ಸರಿಯಾಗಿ ಕಾಣ್ತೀಯ ಕಣಪ್ಪಾ," ಅಂದರು.

ತಪ್ಪು ಮಾಡಿದ ಮುಖ ಮರೆಸೋಕೆ ಜಾಗವಿರಲಿಲ್ಲ; ನನ್ನ ರಿಪೇರಿ ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಅನ್ನಿಸಿದ್ದು ಅದೊಂದೇ ಸಲ.