ರೋಲರ್ ಕೇಳಲು ಹೋದ ಮನೆ

ಕಳೆದ ತಿಂಗಳು ಸಿಂಧನೂರಿನಲ್ಲಿ ನನ್ನ ಸ್ಕೂಟಿ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಲ್ಯೂಶನ್ ಹಚ್ಚಿ, ಆರಲೆಂದು ಬಾಯಿಂದ ಊದಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಸ್ಕಿಯ ನಮ್ಮ ಹೈಸ್ಕೂಲಿನ ಲ್ಯಾಬು ಕಣ್ಣ ಮುಂದೆ ಬಂತು. ಅಕ್ಕೋರು ಕೈಯಲ್ಲಿ ಸೈಕಲ್ ಟ್ಯೂಬಿನ ತುಂಡು ಹಿಡಿದು ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಿದ್ದರು...

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಅನ್ನುತ್ತೇವೆ. ಇವರು ವಿಜ್ಞಾನ ಹೇಳಲು ಬಂದ ಅತಿಥಿ ಶಿಕ್ಷಕಿ. ಬಾಡಿಗೆ ಕೋಣೆಯೊಂದರಲ್ಲಿ ಒಬ್ಬರೇ ಇದ್ದರು. ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾವು ನೋಡಲೇ ಇಲ್ಲ. ಮಧ್ಯಾಹ್ನದ ಬುತ್ತಿಯನ್ನೂ ಕಿಟಕಿಯ ಹತ್ತಿರ ನಿಂತೇ ತಿಂದು ಮುಗಿಸುವರು. ಯಾರೋ ಕರೆಯುತ್ತಾರೇನೋ, ಎಲ್ಲಿಗೋ ಹೊರಡಬೇಕೇನೋ ಅನ್ನುವಂತೆ ಸದಾ ಬಾಗಿಲ ಕಡೆ ಒಂದು ಕಣ್ಣು.

ಆ ವರ್ಷ ರಾಯಚೂರಿನಲ್ಲಿ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ ಇತ್ತು. ನೆಲದ ಮೇಲೆ ಚೆಲ್ಲಿದ ಟೇಬಲ್ ಟೆನಿಸ್ ಚೆಂಡುಗಳನ್ನು ತಾನೇ ಆರಿಸಿ ಹೊಟ್ಟೆಗೆ ಹಾಕಿಕೊಳ್ಳುವ ಗಾಡಿಯನ್ನು ನಾನೂ ಗೆಳತಿ ರೇಣುಕಾಳೂ ಮಾಡಿದ್ದೆವು. ಗಾಡಿಯ ಮುಂದೆ ಒಂದು ಸ್ಪಂಜಿನ ರೋಲರ್ ಗರಗರ ತಿರುಗಿ ಚೆಂಡನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಸ್ಪರ್ಧೆಗೆ ಒಂದು ವಾರವಿರುವಾಗ ಲ್ಯಾಬಿನ ಇಲಿಗಳು ಆ ಸ್ಪಂಜನ್ನು ತಿಂದು ಪುಡಿ ಮಾಡಿದವು. ಹೊಸದು ತರಿಸಿದರೆ ಸ್ಪರ್ಧೆ ಮುಗಿದ ಮೇಲೆ ಬರುವುದು.

"ಹೋಗ್ಲಿ ಬಿಡ್ರಿ, ಮುಂದಿನ ವರ್ಷ ನೋಡೂಣು," ಅಂದರು ಹೆಡ್ ಮಾಸ್ತರರು.

"ಮುಂದಿನ ವರ್ಷ ನಾ ಎಲ್ಲಿರ್ತೀನೋ ಏನೋ ಸರ್. ಈ ಹುಡುಗ್ಯಾರು ಈಗ ತಯಾರಾಗಿ ನಿಂತಾರ," ಅಂದರು ಅಕ್ಕೋರು.

ಹುಡುಕಾಟ ಶುರುವಾಯಿತು. ಪ್ಲಾಸ್ಟಿಕ್ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ ಅಂಟಿಸಿದೆವು. ಅಂಟಿಸಿದ ಜಾಗ ಉಬ್ಬಿ, ಚೆಂಡನ್ನು ಒಳಗೆ ಎಳೆಯುವ ಬದಲು ಹೊರಗೆ ಒದೆಯಿತು. ಗೋಡೆಗೆ ಬಣ್ಣ ಹಚ್ಚುವ ರೋಲರ್ ತಂದೆವು. ಅದರ ರೋಮ ಚೆಂಡಿನ ಮೇಲೆ ಸವರಿಕೊಂಡು ಜಾರಿತು. ರೇಣುಕಾ ಮನೆಯ ಲಟ್ಟಣಿಗೆ ತಂದು ಅವರವ್ವನ ಕೈಲಿ ಬೈಸಿಕೊಂಡಳು. ನನಗೆ ರಾತ್ರಿ ಕಣ್ಣು ಮುಚ್ಚಿದರೆ ದುಂಡಗಿನದೇ ಕಾಣುತ್ತಿತ್ತು.

ಐತವಾರ ಬೆಳಿಗ್ಗೆ ಅಕ್ಕೋರು ನಮ್ಮ ಮನೆಗೇ ಬಂದು, "ಹೊತ್ತು ಮುಣುಗೂದ್ರೊಳಗ ತಂದು ಬಿಡ್ತೀನವ್ವಾ," ಎಂದು ನಮ್ಮವ್ವನನ್ನು ಒಪ್ಪಿಸಿ, ನಮ್ಮಿಬ್ಬರನ್ನೂ ಸಿಂಧನೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಲಿಯುವ ರಬ್ಬರ್ ರೋಲರ್ ಇರುತ್ತವೆಂದು ಯಾರೋ ಹೇಳಿದ್ದರು. ಇದ್ದವು, ಸವೆದು ಎಸೆದವು ರಾಶಿಯೇ ಇತ್ತು. ಗಿರಣಿಯ ಮಿಸ್ತ್ರಿ ನಕ್ಕು, "ಯಾವುದು ಬೇಕು ಒಯ್ರಿ," ಅಂದ. ನಾನೂ ರೇಣುಕಾಳೂ ಸೇರಿ ಒಂದನ್ನು ಎತ್ತಲು ಹೋಗಿ ಅದರ ಸಂಗಡವೇ ಕೂತುಬಿಟ್ಟೆವು. ನಮ್ಮ ಗಾಡಿಯ ಪುಟ್ಟ ಮೋಟರು ಅದನ್ನು ಅಲುಗಿಸುವುದೂ ಸಾಧ್ಯವಿರಲಿಲ್ಲ. ಇನ್ನೊಂದು ಗಿರಣಿ, ಮತ್ತೊಂದು ಗುಜರಿ ಅಂಗಡಿ... ಅಕ್ಕೋರ ನಡಿಗೆಗೆ ಸಮ ಬರಲು ನಾವು ಓಡುತ್ತಿದ್ದೆವು.

ಬಸ್ಸು ತಿರುಗಿ ಮಸ್ಕಿಗೆ ಬಂದಾಗ ಇಳಿಯಲು ಎದ್ದೆವು. ಅಕ್ಕೋರು ಕಂಬಿ ಹಿಡಿದು ನಿಂತೇ ಇದ್ದರು. "ಕುಂದ್ರಿ. ಲಿಂಗಸುಗೂರಿಗೆ ಟಿಕೆಟ್ ತಗೊಂಡೀನಿ," ಅಂದರು. ದನಿ ಬೇರೆಯಾಗಿತ್ತು.

ಲಿಂಗಸುಗೂರಿನ ಒಂದು ಸಂದಿಯಲ್ಲಿ ಹಳೆಯ ಪ್ರಿಂಟಿಂಗ್ ಪ್ರೆಸ್ಸು. ಹಿಂದೆ ಮನೆ, ಮುಂದೆ ಮಶೀನು. ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು ಲಗ್ನಪತ್ರಿಕೆ ಮಡಚುತ್ತ ಕೂತಿದ್ದರು. ಅಕ್ಕೋರು ಆ ಬಾಗಿಲನ್ನು ದಾಟಿ ಮುಂದೆ ಹೋದರು, ತಿರುಗಿ ಬಂದರು, ಮತ್ತೆ ಮುಂದೆ ಹೋದರು. ಕೊನೆಗೆ ಹೊಸ್ತಿಲ ಹೊರಗೇ ನಿಂತರು.

"ಇವತ್ತು ಅಂಗಡಿ ಬಂದ್ ಐತ್ರಿ," ಅಂದರು ಅವರು, ತಲೆ ಎತ್ತದೆ.

"ಗೊತ್ತೈತಿ ಯಪ್ಪಾ."

ಮಡಚುವ ಕೈ ನಿಂತಿತು. ನಾನೂ ರೇಣುಕಾಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಅಕ್ಕೋರ ಅಪ್ಪ, ಅಪ್ಪ ನೋಡಿ ಕೊಟ್ಟ ಗಂಡನ ಮನೆಯನ್ನು ಅಕ್ಕೋರು ಬಿಟ್ಟು ಬಂದಿದ್ದರು, ಗಂಡನ ಸಂಗಡ ಬರುವುದಾದರೆ ಬಾ ಎಂದು ಅಪ್ಪ ಬಾಗಿಲು ಹಾಕಿಕೊಂಡಿದ್ದರು ಎಂಬುದು ನಮಗೆ ತಿಳಿದದ್ದು ಆಮೇಲೆ. ಅವತ್ತು ಕಂಡದ್ದು ಇಷ್ಟೇ: ಮೂರು ಊರು ಅಲೆಸಿದ ನಮ್ಮ ಅಕ್ಕೋರಿಗೆ ಒಂದು ಹೊಸ್ತಿಲು ದಾಟಲಾಗುತ್ತಿರಲಿಲ್ಲ.

"ಶಾಯಿ ಹಚ್ಚೋ ಕೈ ರೋಲರ್ ಬೇಕಾಗಿತ್ತು. ಸಾಲಿ ಹುಡುಗ್ಯಾರಿಗೆ," ಅಂದರು.

ಹಿರಿಯರು ನನ್ನನ್ನು ಒಳಗೆ ಕರೆದರು. ಯಾಕೆ ಬೇಕೆಂದು ಕೇಳಿದರು. ನಾನು ಚೆಂಡು, ಗಾಡಿ, ಇಲಿ ಎಲ್ಲವನ್ನೂ ತಡವರಿಸುತ್ತ ಹೇಳಿದೆ. ಅವರು ಗೂಡಿನಿಂದ ಗೇಣುದ್ದದ ರೋಲರ್ ತೆಗೆದು, ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಒರೆಸಿ ನನ್ನ ಕೈಗಿಟ್ಟರು. ಮೆತ್ತಗೆ, ಹಗುರ, ಬೆರಳಿಟ್ಟರೆ ಹಿಡಿದುಕೊಳ್ಳುವಂತಿತ್ತು.

"ಕೂಸಿಗೆ ಕೊಟ್ಟೀನಿ. ಕೆಲಸ ಮುಗದಮ್ಯಾಲೆ ತಿರುಗಿ ಬರಬೇಕು," ಅಂದರು, ಗೋಡೆ ನೋಡುತ್ತ.

"ಯಾರು ತರಬೇಕು?" ಅಕ್ಕೋರು ಹೊರಗಿನಿಂದಲೇ ಕೇಳಿದರು.

ಹಿರಿಯರು ಮಡಚಿಟ್ಟ ಪತ್ರಿಕೆಯೊಂದನ್ನು ಬಿಚ್ಚಿ ಮತ್ತೆ ಮಡಚಿದರು. ಆಮೇಲೆ, "ಒಯ್ದವರೇ ತರಬೇಕು," ಅಂದರು.

ರಾಯಚೂರಿನಲ್ಲಿ ಆ ರೋಲರ್ ಒಂದು ಚೆಂಡನ್ನೂ ಬಿಡಲಿಲ್ಲ. ಆದರೆ ನಡುವೆ ಗಾಲಿಯ ವೈರ್ ಕಿತ್ತು ಗಾಡಿ ನಿಂತಲ್ಲೇ ಸುತ್ತತೊಡಗಿತು. ಬಹುಮಾನ ಬರಲಿಲ್ಲ. ನಾವು ಅತ್ತೆವು. ಅಕ್ಕೋರು ಮಾತ್ರ ಅಲ್ಲೇ ರೋಲರನ್ನು ಬಿಚ್ಚಿ, ಒರೆಸಿ, ತಮ್ಮ ಚೀಲಕ್ಕೆ ಹಾಕಿಕೊಂಡರು. ಮರುದಿನ ರಜೆ ಹಾಕಿ ಒಬ್ಬರೇ ಲಿಂಗಸುಗೂರಿಗೆ ಹೋದರು. ಏನಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಸಾಲಿ ಶುರುವಾದಾಗ ಅವರ ಜಾಗದಲ್ಲಿ ಬೇರೆ ಮಾಸ್ತರರಿದ್ದರು...

ಈಗ ನಾನು ಸಿಂಧನೂರಿನ ಒಂದು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುತ್ತೇನೆ. ಕೆಲಸ ಸಿಕ್ಕಾಗಲೇ ಅಕ್ಕೋರಿಗೆ ಹೇಳಬೇಕೆಂದುಕೊಂಡೆ. ಇವತ್ತು ನಾಳೆ ಎನ್ನುತ್ತ ಉಳಿಯಿತು. ಪಂಕ್ಚರ್ ಆದ ಆ ದಿನದಿಂದ ಮಾತ್ರ ಮನಸ್ಸು ನಿಲ್ಲಲೇ ಇಲ್ಲ. ಮೊನ್ನೆ ರಜೆ ಸಿಕ್ಕ ಕೂಡಲೇ ಲಿಂಗಸುಗೂರಿನ ಬಸ್ಸು ಹತ್ತಿದೆ.

ಪ್ರೆಸ್ಸಿದ್ದ ಜಾಗದಲ್ಲಿ ಝೆರಾಕ್ಸ್ ಅಂಗಡಿ. ಹಿಂದಿನ ಪಡಸಾಲೆಯಲ್ಲಿ ಆ ಹಿರಿಯರು ಕೂತಿದ್ದರು, ಬಹಳ ಸೊರಗಿದ್ದರು. ಅಕ್ಕೋರ ವಿದ್ಯಾರ್ಥಿನಿ ಎಂದು ಹೇಳಿ, "ಅಕ್ಕೋರು ಅದಾರೇನ್ರೀ ಯಜ್ಜಾ?" ಎಂದು ಕೇಳಿದೆ.

"ಇಲ್ಲವಾ. ಕೊರೊನಾ ಬಂದಾಗ ಹೋದ್ಲು," ಅಂದರು.

ಅವರೇ ಮೆಲ್ಲಗೆ ಮುಂದುವರಿಸಿದರು. "ರೋಲರ್ ಕೊಡಾಕ ಬಂದಾಕಿ ಅವತ್ತು ಇಲ್ಲೇ ಉಂಡ್ಲು. ಬ್ಯಾಸಗಿ ಸೂಟ್ಯಾಗ ಟ್ರಂಕ್ ತಗೊಂಡು ಮನಿಗೇ ಬಂದ್ಲು. ಇಲ್ಲೇ ಒಂದು ಸಾಲ್ಯಾಗ ಕಲಸ್ತಿದ್ಲು... ನನ್ನ ಮುಂದ ಹೋದ್ಲು ನೋಡವಾ."

ಅವರ ಪಕ್ಕದಲ್ಲಿ ಕೂತೆ. ಅಕ್ಕೋರಿಗೆ ಹೇಳಲೆಂದು ಇಟ್ಟುಕೊಂಡದ್ದನ್ನೆಲ್ಲ ಅವರಿಗೆ ಹೇಳಿದೆ: ನನ್ನ ಓದು, ನನ್ನ ಕೆಲಸ, ನಾನು ಕಲಿಸುವ ಮಕ್ಕಳು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ನನ್ನ ಕೈ ಹಿಡಿದು ಅಂದರು:

"ಇದನ್ನ ಆಕಿ ಕೇಳಬೇಕಾಗಿತ್ತವಾ."