ಮೈದುನನ ನೆರಳು

ಅತ್ತಿಗೆಗೆ ಕೆಲಸ ಹೂವಿನ ಅಂಗಡಿಯ ಹಿಂಬದಿಯಲ್ಲಿ. ಗುಲಾಬಿಯ ಮುಳ್ಳು ಸವರುವುದು, ಕಾಂಡ ಕತ್ತರಿಸುವುದು, ಬಾಡಿದ್ದನ್ನು ಬುಟ್ಟಿಗೆ ಎಸೆಯುವುದು. ಆ ಬುಟ್ಟಿಯ ಕಸವನ್ನೇ ಚೀಲದಲ್ಲಿ ತುಂಬಿ ತಂದು ಭಾನುವಾರ ತಾರಸಿಯ ಮೇಲೆ ಹರಡಿ ಕೂತಳೆಂದರೆ, ಎಲೆ, ಎಸಳು, ಕಡ್ಡಿಗಳೆಲ್ಲ ಸೇರಿ ಮೀನೋ, ಬಾಗಿಲೋ, ಮಲಗಿದ ಮುದುಕಿಯೋ ಆಗಿಬಿಡುತ್ತಿತ್ತು. ಗೋಂದಿಲ್ಲ, ದಾರವಿಲ್ಲ. ಗಾಳಿ ಎದ್ದರೆ ಮುಗಿಯಿತು. ಉಳಿಯುವುದು ಫೋಟೋ ಒಂದೇ. ಅವಳ ಹಳೇ ಮೊಬೈಲಿನಲ್ಲಿ ಇದ್ದದ್ದು ಬರೀ ಗುಂಡಿ, ಕ್ಯಾಮೆರಾ ಇಲ್ಲ. ಹಾಗಾಗಿ ಫೋಟೋ ತೆಗೆಯುವವನು ಮೈದುನ. ಗ್ರಹಚಾರ, ಇನ್ನೇನು!

ಮೈದುನನದು ಬಸ್ ನಿಲ್ದಾಣದ ಎದುರು ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ "ಗದ್ದ ಮೇಲೆ, ಕಣ್ಣು ಮುಚ್ಬೇಡಿ" ಎಂದು ಹೇಳಿ ಹೇಳಿಯೇ ಕೂದಲು ಉದುರಿಸಿಕೊಂಡ ಮನುಷ್ಯ. ಮೊದಲ ಸಲ ಏಣಿ ಹತ್ತಿ ಅವಳ ಮೀನನ್ನು ತೆಗೆದಾಗ, ತನ್ನ ನೆರಳು ಅದರ ಅರ್ಧ ಮೈ ನುಂಗಿದ್ದನ್ನು ಈ ಮಹಾನುಭಾವ ಗಮನಿಸಲೂ ಇಲ್ಲ. ಊರಿನ ಕಲಾಭವನದ ಮೇಲ್ವಿಚಾರಕರು ಸ್ಟುಡಿಯೋದಲ್ಲಿ ಅದನ್ನು ನೋಡಿ, "ಆಹಾ, ಆ ನೆರಳಲ್ಲಿ ಎಂಥ ಅರ್ಥ ಇದೆ!" ಎಂದುಬಿಟ್ಟರು. ತಗೋ, ಇವನಿಗೆ ಕೊಂಬು ಬಂತು. ಗಡ್ಡ ಬಿಟ್ಟ. ಸೆಕೆಯಲ್ಲೂ ಕುತ್ತಿಗೆಗೆ ಶಾಲು ಸುತ್ತಿದ. ಅಂದಿನಿಂದ ಅವಳು ಏನೇ ಮಾಡಲಿ, ಅದರ ಮೇಲೆ ಇವನ ನೆರಳು ಬೀಳಲೇಬೇಕು.

"ಒಂದೇ ಒಂದು ನೆರಳಿಲ್ದೆ ತೆಗಿಯಪ್ಪ. ನಾನು ಮಾಡಿದ್ದು ಪೂರ್ತಿ ಕಾಣ್ಲಿ," ಎಂದಳು ಅತ್ತಿಗೆ. ಕಲಾಭವನದ ದೊಡ್ಡ ಗೋಡೆಗೆ ಹೊಸದೊಂದು ಫೋಟೋ ಬೇಕೆಂದು ಹೇಳಿಕಳಿಸಿದ್ದರು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನನ್ನ ನೆರಳಿಲ್ದಿದ್ರೆ ಅದು ಬರೀ ಕಸ. ನೀವು ರಾಶಿ ಹಾಕ್ತೀರ, ನಾನು ಅದನ್ನ ಕಲೆ ಮಾಡ್ತೀನಿ."

ಅವಳ ಮೈಯೆಲ್ಲ ಉರಿಯಿತು. ಆದರೆ ಇಂಥವನ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಏಣಿಯ ಒಂದು ಕಾಲು ಗಿಡ್ಡ. ನೀರಿನ ತೊಟ್ಟಿಯ ಪಕ್ಕ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದನ್ನು ಅವನು ಯಾವತ್ತೂ ಅಲುಗಿಸಿದವನಲ್ಲ. ಬರುವ ಹೊತ್ತೂ ಅದೇ, ನೆರಳು ಬೀಳುವ ಜಾಗವೂ ಅದೇ. ಮೇಲೆ ಹತ್ತಿದರೆ ಬೀಳುವ ಭಯಕ್ಕೆ ಕಂಬದಂತೆ ನಿಲ್ಲುವ ಶೂರ ಬೇರೆ. ಅವನು ಹಾಗೆ ನಿಂತಿದ್ದಾಗಲೇ ಅವಳು ಬಗ್ಗಿ, ನೆಲದ ಮೇಲಿನ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು.

"ಅದೇನು ಗೀಚ್ತಿದೀರ?"

"ಗುರುತಿಗೆ."

ಮುಂದಿನ ಭಾನುವಾರ ಆ ಗೆರೆಯೊಳಗೆ ಬಾಡಿ ಕಪ್ಪಾದ ಗುಲಾಬಿ ಎಸಳು ತುಂಬಿದಳು. ಸುತ್ತಲೂ ಬಿಳಿ ಸೇವಂತಿಗೆ. ಉಬ್ಬಿದ ಹೊಟ್ಟೆ, ಕ್ಯಾಮೆರಾ ಹಿಡಿದು ಚಾಚಿದ ಮೊಣಕೈ, ಕೆಳಗೆ ಏಣಿ, ಒಂದನ್ನೂ ಬಿಡಲಿಲ್ಲ.

ಮೈದುನ ಬಂದು ನೋಡಿದ. "ಮರ ಅಲ್ವಾ ಅತ್ತಿಗೆ? ಒಳ್ಳೇ ದಪ್ಪ ಮರ!"

"ನಿನಗೆ ಹೇಗೆ ಕಾಣುತ್ತೋ ಹಾಗೆ."

ಏಣಿ ಹತ್ತಿದ. ಅವನ ನೆರಳು ಕಪ್ಪು ಎಸಳುಗಳ ಮೇಲೆ ಸರಿಯಾಗಿ ಕೂತು ಕಾಣದೇ ಹೋಯಿತು. "ನೆರಳೇ ಬೀಳ್ತಿಲ್ವಲ್ಲ ಇವತ್ತು!" ಎಂದು ಗೊಣಗಿದ. ಬೆನ್ನು ಸುಡುವ ಬಿಸಿಲು.

"ಮೋಡ ಇರ್ಬೇಕು," ಎಂದಳು ಅವಳು.

ಅದನ್ನೇ ಆಳೆತ್ತರಕ್ಕೆ ದೊಡ್ಡದು ಮಾಡಿಸಿ, 'ಮರ' ಎಂದು ಹೆಸರಿಟ್ಟು ತೂಗುಹಾಕಿದ. ಪ್ರದರ್ಶನದ ದಿನ ಅದರ ಪಕ್ಕದಲ್ಲೇ ನಿಂತು, ಕ್ಯಾಮೆರಾ ಎತ್ತಿ ಬಂದವರ ಫೋಟೋ ತೆಗೆಯತೊಡಗಿದ. ಆಗ ಬಂದರು ಅವನ ತಾಯಿ. ಕನ್ನಡಕ ಏರಿಸಿ ಗೋಡೆ ನೋಡಿದರು, ಮಗನನ್ನು ನೋಡಿದರು, ಸೊಸೆಯ ಕಡೆ ತಿರುಗಿದರು.

"ಅಯ್ಯೋ! ಇದು ನಮ್ಮ ಚಿಕ್ಕವನ ಹೊಟ್ಟೆ ಅಲ್ವೇನೇ?"

ಇಡೀ ಭವನ ಬಿದ್ದು ಬಿದ್ದು ನಕ್ಕಿತು. ಮೈದುನ ತಿರುಗಿ ನೋಡಿದ. ಮುಖ ಹುಳ್ಳಗಾಯಿತು. ಅವಳ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದ: "ಎಲ್ಲರ ಮುಂದೆ ಹೀಗಾ ಮಾನ ಕಳೆಯೋದು?"

"ಇಷ್ಟು ವರ್ಷ ನಿನ್ನ ನೆರಳು ನನ್ನ ಎಲೆ ಮೇಲೇ ಬಿದ್ದುಕೊಂಡಿತ್ತಲ್ಲಪ್ಪ. ಅಳತೆ ಗೊತ್ತಾಗದೆ ಇರುತ್ತಾ?"

ಅವಳೂ ಗೋಡೆಯ ಕಡೆ ನೋಡಿದಳು. ತಾನು ಮಾಡಿದ್ದರಲ್ಲಿ ಪೂರ್ತಿ ಕಂಡದ್ದು ಇದೊಂದೇ, ಅದೂ ಈ ದಂಡಪಿಂಡದ ಹೊಟ್ಟೆ! ನಗು ಬಂತು, ಹಿಂದೆಯೇ ಅಳುವೂ ಬಂತು.

ಮರುವಾರ ಮೈದುನ ಗಡ್ಡ ಬೋಳಿಸಿಕೊಂಡು ತಾರಸಿಗೆ ಬಂದ. ಏಣಿ ಎತ್ತಿ ಆಚೆ ಬದಿಗಿಟ್ಟ, ಇಟ್ಟಿಗೆಯನ್ನೂ ಒಯ್ದ. ನೆರಳು ಅವನ ಹಿಂದೆ, ಒಣಹಾಕಿದ ಬಟ್ಟೆಗಳ ಮೇಲೆ ಬಿತ್ತು. ಅತ್ತಿಗೆ ಮೀನಿನ ಬಾಲದ ಕೊನೆಯ ಎಲೆ ಇಟ್ಟು ಪಕ್ಕಕ್ಕೆ ಸರಿದು, "ತೆಗಿ," ಎಂದಳು.