ಬೇಲೂರಿಗೆ ಹೋಗಿ ತಂದ ಹಾಡು

ಬೆಂಗಳೂರಿನ ಪ್ಯಾಸೆಂಜರ್ ಗಾಡಿ ನನ್ನನ್ನು ಅರಸೀಕೆರೆಯಲ್ಲಿ ಇಳಿಸಿದಾಗ ಬಿಸಿಲೇರಿತ್ತು. ಸ್ಟೇಷನ್ನಿನ ಹೊರಗೆಲ್ಲ ಒಣಕೊಬ್ಬರಿಯ ವಾಸನೆ. ಇಡ್ಲಿ ತಿಂದು, ಒಂದೂಕಾಲು ರೂಪಾಯಿ ಟಿಕೆಟ್ಟಿಗೆ ಬೇಲೂರಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನಾಕೆ "ಗುಡಿ ನೋಡಕ್ಕೆ ಹೊಂಟ್ರಾ?" ಎಂದಳು. ಒಂದು ಹಾಡು ತರಲು ಎಂದೆ. ಆಕೆ ನನ್ನನ್ನು ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿಕೊಂಡಳು.

ನಮ್ಮ ಮನೆತನದಲ್ಲಿ ಮಗುವಿಗೆ ದೀಕ್ಷಾಸ್ನಾನವಾದ ದಿನ ತಾಯಿಯ ಕಡೆಯ ಹಿರಿಯಳು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಯೇಸುವಿನ ಪದವೊಂದನ್ನು ಹಾಡುತ್ತಾಳೆ. ಕಟ್ಟಿದವಳು ನನ್ನ ಮುತ್ತಜ್ಜಿ, ಅಕ್ಷರ ಬಾರದವಳು. ಹಾಡಬೇಕಿದ್ದ ಅಮ್ಮ ಹೋದ ವರ್ಷ ತೀರಿಕೊಂಡಳು. ನನಗೆ ಬರುವುದು ಎರಡೇ ನುಡಿ. ಬರುವ ಭಾನುವಾರ ತಂಗಿಯ ಮಗಳಿಗೆ ದೀಕ್ಷಾಸ್ನಾನ. ಪೂರ್ತಿ ಬಲ್ಲವಳು ಬೇಲೂರಿನಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ, ಒಬ್ಬಳೇ. ಅವಳಿಗೋ ಪ್ರಯಾಣದ ಶಕ್ತಿಯಿಲ್ಲ.

ಹಳೇಬೀಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಓಡಿಹೋಗಿ ಗುಡಿಯ ಗೋಡೆಯ ಆನೆಗಳ ಸಾಲು ನೋಡಿ ಬಂದೆ. ಅದನ್ನು ಕಲ್ಲು ಕಾಪಾಡಿಕೊಂಡಿದೆ, ನಮ್ಮದು ಬರೀ ಬಾಯಲ್ಲಿರುವ ಸೊತ್ತು ಎಂದು ಹೆದರಿಕೆಯಾಯಿತು.

ಬೇಲೂರು ತಲುಪಿದ ಮೇಲೆ ದೊಡ್ಡಮ್ಮ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿ, ಉಂಡ ಮೇಲೆ ಚಾಪೆಯ ಮೇಲೆ ಕುಳಿತು ಹಾಡತೊಡಗಿದಳು. ಮೂರನೆಯ ನುಡಿಗೆ ಬಂದು ನಿಂತಳು. ಮತ್ತೆ ಮೊದಲಿನಿಂದ ಶುರುಮಾಡಿದಳು, ಅಲ್ಲೇ ನಿಂತಳು. "ಹೊಂಟೇ ಹೋಯ್ತಲ್ಲ ಕಣೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, ಆ ಪದವನ್ನು ಹೇಗೆ ಕಲಿತೆ ಎಂದು ಸುಮ್ಮನೆ ಕೇಳಿದೆ. ತನ್ನ ಅಜ್ಜಿಯ ಎದುರು ಕೂತು ರಾಗಿ ಬೀಸುವಾಗ, ಎಂದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಿಲು ಸೇರಿ ಕೋಳಿಗೆ ಪೀಠವಾಗಿತ್ತು. ಇಬ್ಬರೂ ಅದನ್ನು ಉರುಳಿಸಿ ತಂದು, ತೊಳೆದು, ಗೂಟ ಬಿಗಿದೆವು. ದೊಡ್ಡಮ್ಮ ಪ್ರಾರ್ಥನೆ ಹೇಳಿ ಒಂದು ಹಿಡಿ ರಾಗಿ ಹಾಕಿದಳು. ಒಂದೇ ಗೂಟಕ್ಕೆ ಇಬ್ಬರ ಕೈ. ಎರಡನೆಯ ನುಡಿ ಮುಗಿದರೂ ಕಲ್ಲು ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ.

"ಅಟ್ಟದ ರಾಗಿಗೂ ತೊಟ್ಟಿಲ ಕೂಸಿಗೂ
ಒಬ್ಬನೇ ಕಾವಲು, ಓ ಯೇಸು, ನಿನ್ನ
ಹೆಸರ್ಹೇಳಿ ಹಿಟ್ಟು ಬೀಸೇವೋ."

ಸಂತೋಷದಲ್ಲಿ ನಾನು ದನಿಗೂಡಿಸುವುದನ್ನೇ ಮರೆತಿದ್ದೆ. "ಬಾಯ್ಬಿಡೇ. ನಾನ್ ಸತ್ತ ಮೇಲೆ ಕಲ್ಲು ಹಾಡ್ತೈತೇನೇ?" ಎಂದು ಗದರಿದಳು. ಮಧ್ಯಾಹ್ನದ ಹೊತ್ತಿಗೆ ಪದವೆಲ್ಲ ಬಾಯಿಗೆ ಬಂದಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹಿಟ್ಟು ಮಾತ್ರ ದನಕ್ಕೂ ಆಗದಷ್ಟು ದಪ್ಪ ಎಂದು ದೊಡ್ಡಮ್ಮ ನಕ್ಕಳು.

ಹಿಂದಿರುಗುವಾಗ ಬಸ್ಸಿನಲ್ಲೂ ರೈಲಿನಲ್ಲೂ, ಮರೆತೀತೆಂಬ ಭಯಕ್ಕೆ ಗುನುಗುತ್ತಲೇ ಬಂದೆ. ಆದರೂ ಭಾನುವಾರ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುವಾಗ ಮೂರನೆಯ ನುಡಿಗೆ ಬಂದು ನಿಂತುಬಿಟ್ಟೆ. ಮನೆ ತುಂಬ ಜನ. ನನ್ನ ಬಲಗೈ ತಾನಾಗಿ ಮಗುವಿನ ಹೊಟ್ಟೆಯ ಮೇಲೆ ಮೆಲ್ಲಗೆ ಸುತ್ತತೊಡಗಿತು. ಪದ ಬಂತು.

ಕೈ ಯಾಕೆ ಹಾಗೆ ತಿರುಗಿಸುತ್ತೀ ಎಂದು ತಂಗಿ ಪಿಸುಗುಟ್ಟಿದಳು. ಅವಳ ಕೈಯನ್ನು ಎಳೆದು ನನ್ನ ಕೈಯ ಕೆಳಗೆ ಇಟ್ಟುಕೊಂಡೆ. ನಾನು ಹಾಡಿದೆ, ಅವಳು ನನ್ನ ಹಿಂದೆಯೇ ಹೇಳಿಕೊಂಡಳು.